ಅಕ್ಷರ ಬಿಡಿಸಿ ಓದಿದ ಹೆಸರು

ಡಲ್ಸಿ ಪೆಂಗೆಲಿಯದು ಕಲ್ಲೆದೆ ಎಂದು ನಮ್ಮ ಪೋರ್ಟ್ ಟ್ರೆವೆನ್‌ನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕುವುದು ನನ್ನಿಂದಾಗದ ಕೆಲಸ. ಆದರೆ ಒಂದು ಮೇಜಿನಷ್ಟೇ ಅಂತರದಲ್ಲಿ ವರ್ಷಗಟ್ಟಲೆ ಅವಳ ಮುಖ ನೋಡುತ್ತಾ ಕೂತವಳು ನಾನು, ಎಲ್ವಾ ರೌಸ್. ಅವಳ ವಿಷಯ ಮಾತಾಡುವವರು ಮೊದಲು ನನ್ನನ್ನು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅದಕ್ಕೇ ಕೇಳದಿದ್ದರೂ ಹೇಳುತ್ತಿದ್ದೇನೆ.

ಊರಿನ ವಾರಪತ್ರಿಕೆಯಲ್ಲಿ ನಮ್ಮಿಬ್ಬರದು ಕರಡು ತಿದ್ದುವ ಕೆಲಸ. ಆಚೆ ಕೋಣೆಯಲ್ಲಿ ಮರ್ವ್ ಎಂಬವನು ಯಂತ್ರದ ಮುಂದೆ ಕೂತು ಸೀಸದ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ. ಅದರ ಮೊದಲ ಅಚ್ಚು ನನ್ನ ಕೈಗೆ ಬರುತ್ತಿತ್ತು. ಜನ ಬರೆದು ಕಳಿಸಿದ ಮೂಲಪ್ರತಿ ಡಲ್ಸಿಯ ಕೈಯಲ್ಲಿ. ಅವಳು ಗಟ್ಟಿಯಾಗಿ ಓದಬೇಕು, ನಾನು ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತಾ ತಾಳೆ ನೋಡಬೇಕು. ಓದುವುದೆಂದರೆ ಚರ್ಚಿನಲ್ಲಿ ಬೈಬಲ್ ಓದಿದಂತಲ್ಲ. ಕಾಮ, ಫುಲ್‌ಸ್ಟಾಪ್, ದೊಡ್ಡಕ್ಷರ, ಗೀಟು, ಎಲ್ಲವನ್ನೂ ಬಾಯಲ್ಲಿ ಹೇಳುತ್ತಾ, ರಾಗವಿಲ್ಲದೆ, ಉಸಿರು ಬಿಡದೆ ಓಡಬೇಕು. ಯಂತ್ರದ ಸದ್ದು ಬರಬಾರದೆಂದು ನಮ್ಮ ಸುತ್ತ ಹಲಗೆಯ ಗೋಡೆ ಹೊಡೆದಿದ್ದರು. ಆ ಗೂಡಿನಲ್ಲಿ ಡಲ್ಸಿಯ ಧ್ವನಿ ಒಂದೇ ಸಮನೆ ಸುರಿಯುತ್ತಿತ್ತು.

ನಮ್ಮ ಇಂಗ್ಲಿಷನ್ನು ಬರಹಕ್ಕೆ ಇಳಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಜನರ ಮೇಲೆ ಏನೋ ಹಗೆ ಇದ್ದಿರಬೇಕು. ಕಿವಿಗೆ ಒಂದೇ ಆಗಿ ಕೇಳುವ ಮಾತು, ಕಾಗದದ ಮೇಲೆ ಎರಡು. ಶಾಲೆಯ ಪ್ರಿನ್ಸಿಪಲ್ ಬೇರೆ, ನೀತಿಯ ಪ್ರಿನ್ಸಿಪಲ್ ಬೇರೆ. ತಿನ್ನುವ ಮೀಟ್ ಬೇರೆ, ಭೇಟಿಯಾಗುವ ಮೀಟ್ ಬೇರೆ. ನಮ್ಮ ಓದುಗರು ಒಂದನ್ನು ಬರೆಯಲು ಹೋಗಿ ಇನ್ನೊಂದನ್ನು ಬರೆಯುವುದರಲ್ಲಿ ನಿಸ್ಸೀಮರು. ಮರ್ವ್ ಅವರಿಗೂ ಅಪ್ಪ. ಹೀಗಾಗಿ ಡಲ್ಸಿ ಇಂಥ ಮಾತು ಬಂದ ಕೂಡಲೇ ಅದಕ್ಕೊಂದು ಬಾಲ ಕಟ್ಟುತ್ತಿದ್ದಳು. “ಪ್ರಿನ್ಸಿಪಲ್-ಮೇಷ್ಟ್ರು” ಎನ್ನುವಳು, “ಮೀಟ್-ಕುರಿ” ಎನ್ನುವಳು. ನಮ್ಮ ಸಂಸದರು ನೀತಿವಂತರೆಂದು ಬರೆದಿದ್ದ ಕಡೆ “ಪ್ರಿನ್ಸಿಪಲ್-ಸುಳ್ಳು” ಎಂದಿದ್ದಳು. ನಾನು ನಕ್ಕು ಪೆನ್ಸಿಲ್ ಮುರಿದುಕೊಂಡಿದ್ದೆ.

ಜನರ ಹೆಸರು ಬಂದರೆ ಮಾತ್ರ ಬಾಲವೂ ಇಲ್ಲ, ತಲೆಯೂ ಇಲ್ಲ. ಹೆಸರನ್ನು ಹೆಸರಾಗಿ ಓದುವಂತೆಯೇ ಇರಲಿಲ್ಲ. ನಮ್ಮ ಕೊಲ್ಲಿಯ ಸುತ್ತ ಇಂಗ್ಲಿಷರ ಕಾರ್ನ್‌ವಾಲ್‌ನಿಂದ ಹಡಗು ಹತ್ತಿ ಗಣಿಗೆ ಬಂದವರ ಮೊಮ್ಮಕ್ಕಳು, ಜರ್ಮನಿಯಿಂದ ಉಳಲು ಬಂದವರ ಮೊಮ್ಮಕ್ಕಳು. ಒಂದೇ ಹೆಸರನ್ನು ಅಣ್ಣ ಒಂದು ಥರ, ತಮ್ಮ ಒಂದು ಥರ ಬರೆಯುವ ಮನೆಗಳುಂಟು. ಒಂದಕ್ಷರ ಆಚೀಚೆಯಾದರೆ, ಪತ್ರಿಕೆ ಬರುವ ಗುರುವಾರ ಸಂಜೆ ನಮ್ಮ ಬಾಗಿಲಲ್ಲಿ ಜಗಳ. ಅದಕ್ಕೆ ಹೆಸರುಗಳನ್ನು ಅಕ್ಷರ ಬಿಡಿಸಿ ಓದುವುದು, ನಾನು ಅಕ್ಷರಕ್ಕೊಂದು ಚುಕ್ಕೆ ಇಡುವುದು.

ಹೀಗೆ ಓದುವವರಿಗೆ ಓದಿದ್ದು ಕೇಳಿಸುವುದಿಲ್ಲ. ಇದನ್ನು ಹೊರಗಿನವರಿಗೆ ಎಷ್ಟು ಹೇಳಿದರೂ ನಂಬುವುದಿಲ್ಲ. ಕಡಲತೀರದ ಪೈನ್ ಮರಗಳನ್ನು ಕಡಿಯುವ ತೀರ್ಮಾನವನ್ನು ಡಲ್ಸಿಯೇ ಓದಿದ್ದಳು. ಎರಡು ವಾರದ ಮೇಲೆ ಗರಗಸದವರು ತನ್ನ ಮನೆ ಮುಂದೆ ಬಂದು ನಿಂತಾಗ ಅವಳು ಪೊರಕೆ ಹಿಡಿದು ಅಡ್ಡ ನಿಂತಳು. “ಯಾರಪ್ಪನ ಅಪ್ಪಣೆ ತಗೊಂಡ್ರಿ? ಪೇಪರ್‌ನಲ್ಲಿ ಹಾಕಿದ್ರಾ?” ಎಂದು ಕೂಗಾಡಿದಳಂತೆ. ಹಾಕಿದ್ದೆವು. ನಾನು ತಾಳೆ ನೋಡಿದ್ದೆ. ನನಗೂ ನೆನಪಿರಲಿಲ್ಲ ಎನ್ನುವುದು ಬೇರೆ ಮಾತು.

ಇಷ್ಟು ಕೆಲಸದ ವಿಷಯವಾಯಿತು. ಡಲ್ಸಿಗೆ ಬದುಕಿನಲ್ಲಿ ಬೇಕಿದ್ದದ್ದು ಒಂದೇ ಒಂದು: ಬ್ಲೂಯಿ ಟ್ರೆಜ಼ೀಸ್‌ನನ್ನು ಮದುವೆಯಾಗುವುದು, ವಯಸ್ಸು ಮೀರುವ ಮುಂಚೆ ಒಂದು ಮಗು. ಅವಳಿಗಾಗಲೇ ಮೂವತ್ತಾರು. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಮನೆಯಲ್ಲಿ ಅವಳೂ ಒಂದು ಮರದ ಪೆಟ್ಟಿಗೆಯೂ. ಮದುವೆಯಾಗುವ ಹುಡುಗಿಯರು ಹಾಸಿಗೆಬಟ್ಟೆ, ಮೇಜಿನಬಟ್ಟೆ ಹೊಲಿದು ತುಂಬಿಡುವ ಆ ಪೆಟ್ಟಿಗೆಯನ್ನು ಅವಳು ತುಂಬಿ, ಮುಚ್ಚಳ ಹಾಕಲಾಗದೆ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿದ್ದಳು. ದಿಂಬಿನ ಚೀಲಗಳ ಮೂಲೆಯಲ್ಲಿ ಅವನ ಮನೆತನದ ಮೊದಲಕ್ಷರ ಕಸೂತಿ ಮಾಡಿದ್ದಳು.

ಬ್ಲೂಯಿ ಎಂದರೆ ನೀಲಿ. ಅವನ ತಲೆಯೋ ಕೆಂಡದಂತೆ ಕೆಂಪು. ನಮ್ಮ ಕಡೆ ಕೆಂಪುಗೂದಲಿನವನಿಗೆ ಆ ಹೆಸರೇ ಸರಿ, ಬೋಳುತಲೆಯವನಿಗೆ ಗುಂಗುರು ಎಂದು ಕರೆಯುವಂತೆ. ಹೆತ್ತವರು ಇಟ್ಟ ಹೆಸರು ಚರ್ಚಿನಲ್ಲಿ ತಲೆಗೆ ನೀರು ಹಾಕಿದ ದಿನಕ್ಕೆ ಮುಗಿಯಿತು. ಬ್ಲೂಯಿ ಬಂದರಿನಲ್ಲಿ ಗೋಧಿ ಲಾರಿಗಳ ತೂಕ ಮಾಡುವವನು. ವಾರದಲ್ಲಿ ಅರ್ಧ ನಮ್ಮ ಊರು, ಅರ್ಧ ಕೊಲ್ಲಿಯ ಆಚೆಗಿನ ಕಾರ್ರಾಬಿ. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಚರ್ಚು ಬಿಟ್ಟ ಮೇಲೆ ಡಲ್ಸಿಯ ಮನೆಯಲ್ಲಿ ಅವನ ಊಟ. ಹುರಿದ ಕುರಿಮಾಂಸ, ಪುದಿನದ ಗೊಜ್ಜು, ಕೊನೆಗೆ ಹಬೆಯಲ್ಲಿ ಬೇಯಿಸಿದ ಪುಡಿಂಗ್. ಉಂಡು, ವರಾಂಡದ ಕುರ್ಚಿಯಲ್ಲಿ ಗೊರಕೆ ಹೊಡೆದು, ಸಂಜೆಗೆ ಟೀ ಕುಡಿದು ಹೋಗುತ್ತಿದ್ದ. ಊರಿಗೆಲ್ಲ ಅವರಿಬ್ಬರೂ ಗಂಡ ಹೆಂಡಿರಾಗಲಿರುವವರು. ಮದುವೆ ಯಾವಾಗ ಎಂದರೆ ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, “ಈ ಸುಗ್ಗಿ ಒಂದು ಮುಗೀಲಿ” ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ತೂಕಕ್ಕೂ ವೇಟು, ಕಾಯುವುದಕ್ಕೂ ವೇಟು. “ಅವನದು ತೂಕದ ವೇಟು, ನಿಂದು ಕಾಯೋ ವೇಟು, ಒಳ್ಳೇ ಜೋಡಿ ಕಣೇ” ಎಂದು ನಾನು ಚುಚ್ಚುತ್ತಿದ್ದೆ.

“ಸುಮ್ನಿರು ಎಲ್ವಾ, ಅವನು ಬಾಯಿಲ್ಲದ ಪ್ರಾಣಿ. ಬಾಯಲ್ಲಿ ಹೇಳಕ್ಕೆ ಬರಲ್ಲ ಅವನಿಗೆ.”

“ತಿನ್ನಕ್ಕೆ ಬರುತ್ತಲ್ಲ!”

ಆಗ ಮುಖ ಊದಿಸಿಕೊಂಡು ಮೂಲಪ್ರತಿ ಎತ್ತಿಕೊಂಡು ಓದಲು ತೊಡಗುವಳು. ನನ್ನ ಬಾಯಿ ಮುಚ್ಚಿಸಲು ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ.

ಆ ಬುಧವಾರವೂ ಹೀಗೇ. ಅಂಚೆಯಲ್ಲಿ ಬಂದ ನಿಶ್ಚಿತಾರ್ಥ, ಜನನ, ಮರಣದ ಪ್ರಕಟಣೆಗಳ ರಾಶಿ. ಮಧ್ಯಾಹ್ನದ ಊಟ ಮಾಡಿ ಕೂತಿದ್ದೆವು, ಕಣ್ಣು ಎಳೆಯುತ್ತಿತ್ತು. ಡಲ್ಸಿ ಒಂದೇ ಉಸಿರಿನಲ್ಲಿ ಓದುತ್ತಿದ್ದಳು:

“ನಿಶ್ಚಿತಾರ್ಥ, ಎಚ್, ಓ, ಡಬಲ್ ಎಫ್, ಎಮ್, ಎ, ಡಬಲ್ ಎನ್, ಗೀಟು, ಟಿ, ಆರ್, ಇ, ಜ಼ೆಡ್, ಐ, ಎಸ್, ಇ, ಫುಲ್‌ಸ್ಟಾಪ್. ಕಾರ್ರಾಬಿಯ ದಂಪತಿಗಳು ತಮ್ಮ ಒಬ್ಬಳೇ ಮಗಳು, ಎನ್, ಓ, ಆರ್, ಡಬಲ್ ಇ, ಎನ್, ಕಾಮ, ಇವಳಿಗೂ ಪೋರ್ಟ್ ಟ್ರೆವೆನ್‌ನ ದಿವಂಗತ ದಂಪತಿಗಳ ಎರಡನೆಯ ಮಗ, ಸಿ, ಎಲ್, ಎ, ಆರ್, ಇ, ಎನ್, ಸಿ, ಇ, ಕಾಮ, ಇವನಿಗೂ ಆದ ನಿಶ್ಚಿತಾರ್ಥವನ್ನು ಸಂತೋಷದಿಂದ ತಿಳಿಸುತ್ತಾರೆ, ಫುಲ್‌ಸ್ಟಾಪ್. ಬರುವ ಶನಿವಾರ ಚರ್ಚಿನ ಹಾಲ್‌ನಲ್ಲಿ ಬ್ರೈಡಲ್-ಮದುಮಗಳು ಟೀ ಕೂಟ...”

“ತಡಿ ತಡಿ! ಈ ಮರ್ವ್ ಏನ್ ಮಾಡಿದಾನೆ ನೋಡು. ಬ್ರೈಡಲ್-ಕುದುರೆ ಹಾಕಿದಾನೆ, ಕಡಿವಾಣ!”

ಡಲ್ಸಿ ಬಗ್ಗಿ ನೋಡಿದಳು. ಮದುಮಗಳ ಟೀ ಕೂಟ ಕಡಿವಾಣದ ಟೀ ಕೂಟವಾಗಿತ್ತು. ಕಿವಿಗೆ ಎರಡೂ ಒಂದೇ, ನೋಡಿದರೆ ಒಂದಕ್ಕೆ ಸೆರಗು, ಇನ್ನೊಂದಕ್ಕೆ ಬಾಲ.

“ಬಿಸ್ಕತ್ತಿನ ಬದ್ಲು ಒಣಹುಲ್ಲು ಇಡ್ತಾರೇನೋ ಪಾಪ” ಎಂದೆ.

“ಕಡಿವಾಣ ಬೇಕಾಗಿರೋದು ಮದುಮಗನಿಗೆ ಕಣೇ” ಎಂದಳು ಡಲ್ಸಿ. “ಆ ಅಂಗಡಿ ಯಾವುದು ಅಂತ ಕೇಳ್ಬೇಕು, ನಮ್ಮ ಬ್ಲೂಯಿಗೂ ಒಂದು ತರಿಸ್ತೀನಿ!”

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಡಲ್ಸಿಯ ಕಣ್ಣಲ್ಲಿ ನೀರು ಬಂತು, ಮೂಲಪ್ರತಿಯ ತುದಿಯಲ್ಲೇ ಒರೆಸಿಕೊಂಡಳು. ನಾನು ಅಂಚಿನಲ್ಲಿ ಗುರುತು ಹಾಕಿ ಸರಿಯಾದ ಮಾತು ಬರೆದೆ. ಹೆಸರುಗಳ ಮೇಲೆ ಚುಕ್ಕೆಗಳು ಬಿದ್ದಿದ್ದವು, ಒಂದೂ ತಪ್ಪಿರಲಿಲ್ಲ. ಅವಳು ಮುಂದಿನ ಪ್ರಕಟಣೆ ಎತ್ತಿಕೊಂಡಳು.

ಗುರುವಾರ ಬೆಳಿಗ್ಗೆ ಪತ್ರಿಕೆ ಹೊರಬಿತ್ತು. ಮಧ್ಯಾಹ್ನ ನಾವಿಬ್ಬರೂ ಮಾಂಸದ ಪೇಸ್ಟಿ ಕೊಳ್ಳಲು ಬೇಕರಿಗೆ ಹೋದೆವು. ಒಳಗೆ ನಾಲ್ಕೈದು ಹೆಂಗಸರ ಗದ್ದಲ. ಬಾಗಿಲ ಗಂಟೆ ಕಿಣಿ ಎಂದಿತು, ಡಲ್ಸಿಯನ್ನು ಕಂಡರು, ಗದ್ದಲ ನಿಂತಿತು. ನನಗೆ ಆಗಲೇ ಏನೋ ಸರಿಯಿಲ್ಲ ಅನ್ನಿಸಿತು. ಬೇಕರಿಯ ಮಿಸೆಸ್ ಕರ್ನೋ, ಆರಡಿಯ ಹೆಂಗಸು, ಕಟ್ಟೆಯ ಹಿಂದಿನಿಂದ ಈಚೆ ಬಂದು ಹಿಟ್ಟಿನ ಕೈಯಲ್ಲೇ ಡಲ್ಸಿಯ ಎರಡೂ ಕೈ ಹಿಡಿದಳು.

“ಗಟ್ಟಿಗಿತ್ತಿ ಕಣಮ್ಮಾ ನೀನು. ನಾನಾಗಿದ್ರೆ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ.”

ಡಲ್ಸಿಯ ಮುಖ ಬಿಳಿಚಿತು. “ಯಾಕೆ, ಯಾರು ಹೋದ್ರು?”

ಮೂಲೆಯಲ್ಲಿದ್ದ ಒಬ್ಬಳು, ನಾಲಿಗೆ ತಡೆಯಲಾರದವಳು, “ಏನೂ ಗೊತ್ತಿಲ್ಲದ ಹಾಗೆ ಕೇಳ್ತಾಳೆ ನೋಡಿ! ನಿನ್ನೆ ಇವಳೇ ಬಾಯಾರೆ ಓದಿದಾಳೆ. ನಗ್ತಾನೂ ಇದ್ಲಂತೆ, ಮರ್ವ್ ಹೇಳ್ದ” ಎಂದಳು.

ಕಟ್ಟೆಯ ಮೇಲೆ ನಮ್ಮದೇ ಪತ್ರಿಕೆ ಬಿಚ್ಚಿ ಬಿದ್ದಿತ್ತು. ನಾನು ಕೈಗೆತ್ತಿಕೊಂಡೆ. ಯಾರೋ ಬೆರಳಿನಿಂದ ಒತ್ತಿ ಒತ್ತಿ ಆ ಜಾಗ ಮಾಸಿಹೋಗಿತ್ತು. ನಿನ್ನೆ ಅಕ್ಷರಕ್ಕೊಂದು ಚುಕ್ಕೆ ಇಟ್ಟ ಸಾಲುಗಳು. ಈಗ ಅಕ್ಷರಗಳು ಕಾಣಲಿಲ್ಲ, ಹೆಸರು ಕಂಡಿತು, ಬ್ಲೂಯಿಯ ಹೆಸರು. ಅಯ್ಯೋ ದೇವರೇ, ಇದನ್ನು ನಾವು ಓದಿದ್ದೆವಾ? ಪತ್ರಿಕೆಯನ್ನು ಮಡಿಸಿ ಬೆನ್ನ ಹಿಂದೆ ಹಿಡಿದೆ.

“ಏನದು ಎಲ್ವಾ?”

“ಮನೆಗೆ ಹೋಗೋಣ ಬಾ.”

“ಏನು ಅಂತ ಕೇಳ್ತಿದೀನಿ. ಓದು.”

“ಡಲ್ಸಿ, ಇಲ್ಲಿ ಬೇಡ ಕಣೇ...”

“ಓದು!”

ಓದಿದೆ. ಜನ ಓದುವ ಹಾಗೆ ಓದಿದೆ, ಕಾಮ ಇಲ್ಲದೆ, ಅಕ್ಷರ ಬಿಡಿಸದೆ. ನೊರೀನ್ ಹಾಫ್‌ಮನ್. ಕ್ಲಾರೆನ್ಸ್ ಟ್ರೆಜ಼ೀಸ್. ಪೋರ್ಟ್ ಟ್ರೆವೆನ್‌ನ ದಿವಂಗತ ದಂಪತಿಗಳ ಎರಡನೆಯ ಮಗ. ಡಲ್ಸಿ ಮಿಸೆಸ್ ಕರ್ನೋಳ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಬೆರಳುಗಳಿಗೆಲ್ಲ ಹಿಟ್ಟು ಮೆತ್ತಿಕೊಂಡಿತ್ತು.

“ಆಮೇಲೆ ಬ್ರೈಡಲ್ ಟೀ ಇದೆ ಅಲ್ವಾ?” ಎಂದಳು.

“ಹೂಂ.”

“ಅದನ್ನ ನಾವು ಸರಿ ಮಾಡಿದ್ವಿ.”

“ಹೂಂ ಕಣೇ.”

“ನಾನು ನಕ್ಕೆ.”

ಅಷ್ಟೇ ಅಂದವಳು ಪೇಸ್ಟಿ ತೆಗೆದುಕೊಳ್ಳದೆ ಬಾಗಿಲು ತೆರೆದು ಹೊರಟಳು. ಅಳಲಿಲ್ಲ, ಕಿರುಚಲಿಲ್ಲ, ಗರ ಬಡಿದವಳಂತೆ ರಸ್ತೆ ದಾಟಿದಳು. ಕಲ್ಲೆದೆ ಎಂಬ ಹೆಸರು ಅವಳಿಗೆ ಬಂದದ್ದು ಆ ರಸ್ತೆ ದಾಟುವಾಗ.

ನಾನು ಪತ್ರಿಕೆಯ ಕಚೇರಿಗೆ ನುಗ್ಗಿ ಮರ್ವ್‌ನ ಮೇಲೆ ಹರಿಹಾಯ್ದೆ. “ಬೇರೆಯವರ ನಗು ಕೇಳಿಸಿಕೊಳ್ಳಕ್ಕೆ ಕಿವಿ ಇದೆ, ಹೆಸರು ನೋಡಕ್ಕೆ ಕಣ್ಣಿರ್ಲಿಲ್ವಾ ನಿನಗೆ? ಮೊದಲು ಜೋಡಿಸಿದವನು ನೀನಲ್ವಾ?”

ಮರ್ವ್ ಮಸಿಯ ಕೈಗಳನ್ನು ಎತ್ತಿದ. ಅವನ ಮುಖವೂ ಬಾಡಿಹೋಗಿತ್ತು. “ದೇವರಾಣೆಗೂ ನೋಡ್ಲಿಲ್ಲ ಎಲ್ವಾ. ಮೂಲಪ್ರತಿಲಿ ಇದ್ದಿದ್ದನ್ನ ಯೋಚಿಸದೆ ಜೋಡಿಸು, ಅದು ಕಿಟಕಿಯಿಂದ ಹಾರಿದ್ರೆ ನೀನೂ ಹಾರು ಅಂತ ನನ್ನ ಗುರು ಹೇಳಿಕೊಟ್ಟ. ಹಾರ್ತಾ ಇದೀನಿ, ಇಪ್ಪತ್ತು ವರ್ಷದಿಂದ. ಎಲ್ಲಿಗೆ ಹಾರ್ತೀನಿ ಅಂತ ನೋಡಿದ್ದೇ ಇಲ್ಲ. ಪೇಪರ್ ಹೊರಗೆ ಬಂದ್ಮೇಲೆ ಬೇಕರಿಲಿ ಅವರು ಕೇಳಿದ್ರು, ಹೌದು ನಗ್ತಿದ್ರು ಅಂದೆ. ನನಗೇನು ಗೊತ್ತು?” ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಅವನು ಹಾರಿದ, ಅವಳು ಹಾರಿದಳು, ನಾನೂ ಹಾರಿದೆ.

ಡಲ್ಸಿ ಎರಡು ದಿನ ಮನೆಯ ಬಾಗಿಲು ತೆಗೆಯಲಿಲ್ಲ. ಶನಿವಾರ ಸಂಜೆ ಹಿತ್ತಿಲ ಕಡೆಯಿಂದ ಹೋದರೆ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು.

“ಏನೇ ಇದು?”

“ನಾಳೆ ಭಾನುವಾರ ಅಲ್ವಾ.”

“ಡಲ್ಸೀ! ಅವನು ಬರ್ತಾನೆ ಅಂದ್ಕೊಂಡಿದೀಯಾ?”

“ಅದು ಅವನೇ ಅಂತ ಏನು ಗ್ಯಾರಂಟಿ? ಟ್ರೆಜ಼ೀಸ್‌ಗಳಿಗೇನು ಬರವಾ ಈ ಕೊಲ್ಲೀಲಿ? ಕ್ಲಾರೆನ್ಸ್ ಅಂತ ನಾನು ಒಂದು ದಿನ ಕರೆದಿಲ್ಲ ಅವನನ್ನ. ಬೇರೆ ಯಾರೋ ಇರಬಹುದು. ಅವನೇ ಆಗಿದ್ರೆ ನನಗೆ ಬಂದು ಹೇಳ್ತಿರ್ಲಿಲ್ವಾ? ಮುಖಕ್ಕೆ ಮುಖ ಕೊಟ್ಟು ಹೇಳದೆ ಇರೋನಲ್ಲ ಅವನು.”

ಬಾಯಿಲ್ಲದ ಪ್ರಾಣಿ ಎಂದವಳೂ ಇವಳೇ, ಬಂದು ಹೇಳುತ್ತಿದ್ದ ಎನ್ನುವವಳೂ ಇವಳೇ. ಜಗಳಕ್ಕೆ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಅವನು ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಖಾಲಿ ಕುರ್ಚಿಯ ಎದುರು ಅವಳನ್ನು ಒಬ್ಬಳೇ ಕೂರಿಸಬಾರದೆಂದು ಭಾನುವಾರ ಚರ್ಚಿನಿಂದ ನೇರ ಅವಳ ಮನೆಗೆ ಹೋದೆ.

ಬಂದ! ಹಿತ್ತಿಲ ಬಾಗಿಲು ತಳ್ಳಿಕೊಂಡು, ಪ್ರತಿ ಭಾನುವಾರದ ಹಾಗೆ, ಟೋಪಿಯನ್ನು ಅದೇ ಗೂಟಕ್ಕೆ ನೇತುಹಾಕಿ ಒಳಗೆ ಬಂದ. “ವಾಸನೆ ಗೇಟಿನ ತನಕ ಬರ್ತಿದೆ” ಎಂದ. ನನ್ನನ್ನು ಕಂಡು “ಏನ್ ಎಲ್ವಾ, ಚೆನ್ನಾಗಿದೀರಾ?” ಎಂದ. ಆಗಲೇ ಐವತ್ತೆಂಟು ವರ್ಷ ಬದುಕಿದ್ದೆ, ಗಂಡನನ್ನು ಮಣ್ಣು ಮಾಡಿದ್ದೆ, ಇಂಥ ಮುಖ ಹೊತ್ತ ಮನುಷ್ಯನನ್ನು ನೋಡಿರಲಿಲ್ಲ.

ಡಲ್ಸಿಯ ಮುಖ ಒಂದು ಕ್ಷಣ ಅರಳಿತು, ಅದನ್ನು ನಾನು ಮರೆಯಲಾರೆ. “ನೋಡ್ದಾ ಎಲ್ವಾ? ಬಂದ. ಅದು ನೀನಲ್ಲ ಅಲ್ವಾ ಬ್ಲೂಯಿ? ಪೇಪರ್‌ನಲ್ಲಿ ಇದ್ದಿದ್ದು?”

ಅವನು ಕಣ್ಣು ಪಿಳಿಪಿಳಿ ಬಿಟ್ಟ. “ನಾನೇ. ನಿನಗೆ ಗೊತ್ತಲ್ಲ.”

“ನನಗೆ ಹೇಗೆ ಗೊತ್ತಿರುತ್ತೆ?”

“ನೀನೇ ಓದೋದಲ್ವಾ ಡಲ್ಸ್ ಎಲ್ಲಾನೂ? ಅದಕ್ಕೇ ಇಲ್ಲಿನ ಪೇಪರ್‌ಗೂ ಕಳಿಸಿ ಅಂತ ನಾನೇ ನೊರೀನ್ ಅಮ್ಮಂಗೆ ಹೇಳ್ದೆ. ಅವರು ಅಲ್ಲಿನ ಪೇಪರ್‌ಗೆ ಮಾತ್ರ ಹಾಕ್ಬೇಕು ಅಂತಿದ್ರು. ಊರಿಗೆಲ್ಲ ಗೊತ್ತಾಗೋ ಮುಂಚೆ ನಿನಗೆ ಮೊದಲು ಗೊತ್ತಾಗ್ಲಿ ಅಂತ ಕಳಿಸಿದ್ದು.” ಏನೋ ದೊಡ್ಡ ಉಪಕಾರ ಮಾಡಿದವನಂತೆ ನನ್ನ ಕಡೆಗೂ ತಿರುಗಿ, ಮತ್ತೆ ಅವಳಿಗೇ ಹೇಳಿದ. “ನಂಗೆ ಹೇಳಕ್ಕೆ ಆಗ್ಲಿಲ್ಲ. ನಾಲ್ಕು ತಿಂಗಳಿಂದ ಹೇಳ್ಬೇಕು ಅಂದ್ಕೋತಿದ್ದೆ. ನೀನು ಓದಿ ಬೇಡ ಅನ್ಸಿದ್ರೆ ಹಾಕಕ್ಕೆ ಬಿಡ್ತಿರ್ಲಿಲ್ಲ, ಬಂದು ನನ್ನ ಕೆನ್ನೆಗೆ ಬಾರಿಸ್ತಿದ್ದೆ. ಗುರುವಾರ ನೋಡ್ದೆ, ಹಾಗೇ ಬಂದಿತ್ತು. ಸರಿ, ಡಲ್ಸ್ ಒಪ್ಕೊಂಡ್ಲು, ದೊಡ್ಡ ಮನಸ್ಸು ಅಂದ್ಕೊಂಡೆ.”

ಮೌನ ಸಮ್ಮತಿ ಅಂದುಕೊಂಡನಂತೆ, ಮುಖೇಡಿ! ಅದೂ ಅವಳದಲ್ಲದ ಮೌನ. ಅವಳ ಬಾಯಿಂದಲೇ ಅವಳ ತಲೆಯ ಮೇಲೆ ಕಲ್ಲು ಹಾಕಿಸಿ, ಅವಳು ಸುಮ್ಮನಿದ್ದಳು ಎಂದು ಮೆಚ್ಚಿಕೊಂಡು ಊಟಕ್ಕೆ ಬಂದಿದ್ದಾನೆ.

ಡಲ್ಸಿ ಮೇಜಿನ ಅಂಚು ಹಿಡಿದುಕೊಂಡಳು. “ಒಂಬತ್ತು ವರ್ಷ ಬ್ಲೂಯಿ. ನಾನು ಅಲ್ಲಿ ಕೂತು ಏನು ಮಾಡ್ತೀನಿ ಅಂತ ಒಂದು ಸಲ ಕೇಳಿದೀಯಾ?”

“ಓದ್ತೀಯ ಅಂತ...”

“ಓದ್ತೀನಿ. ನನಗೆ ಕೇಳ್ಸಲ್ಲ! ನಿನ್ನ ಹೆಸರು ಟಿ, ಆರ್, ಇ ಅಂತ ಓದ್ದೆ. ಅದು ನೀನು ಅಂತ ನನಗೆ ಗೊತ್ತಾಗ್ಲಿಲ್ಲ. ಒಂದು ಸಲ ಕೇಳಿದ್ರೆ ಹೇಳ್ತಿದ್ದೆ. ಒಂದೇ ಒಂದು ಸಲ. ಈಗ ನೀನು ಹೇಳು. ನಿನ್ನ ಬಾಯಲ್ಲಿ ಹೇಳು.”

ಅವನು ಗೋಡೆ ನೋಡಿದ, ನೆಲ ನೋಡಿದ. ಅವಳು ಅಲುಗಾಡದೆ ನಿಂತಿದ್ದಳು. ಕೊನೆಗೆ ಹೇಳಿದ. “ನಾನು ನೊರೀನ್‌ನ ಮದುವೆ ಆಗ್ತಿದೀನಿ ಡಲ್ಸ್.”

“ಅವಳಿಗೆ ನಾನು ಯಾರು ಅಂತ ಹೇಳಿದೀಯಾ?”

“ಹೇಳಿದೀನಿ. ಭಾನುವಾರ ಊಟ ಹಾಕೋ ಮನೆಯವರು ಅಂತ.”

ಹೇಳಿ ಮುಗಿದದ್ದಕ್ಕೆ ಅವನಿಗೆ ಎಷ್ಟು ಹಗುರವಾಯಿತೆಂದರೆ, ಉಸಿರು ಬಿಟ್ಟು, ಕುರ್ಚಿ ಎಳೆದುಕೊಂಡು ಕೂತ. ಕೂತು ತಟ್ಟೆ ಮುಂದಕ್ಕೆ ಎಳೆದುಕೊಂಡ. ಸತ್ಯವಾಗಿ ಹೇಳುತ್ತೇನೆ, ಮುಳ್ಳುಚಮಚವನ್ನೂ ಎತ್ತಿಕೊಂಡ. ಉಂಡೂ ಹೋದ, ಕೊಂಡೂ ಹೋದ ಎನ್ನುವುದನ್ನು ಕೇಳಿದ್ದೆ, ಕಣ್ಣಾರೆ ನೋಡಿದ್ದು ಅಂದು. ಡಲ್ಸಿ ನೋಡಿದಳು. ಅವನ ಕೈ ನೋಡಿದಳು, ಚಮಚ ನೋಡಿದಳು. ಆ ಹೊತ್ತಿಗೆ ಅವಳಿಗೆ ನಿಜವಾಗಿ ಕೇಳಿಸಿತು ಎಂದು ನನ್ನ ಲೆಕ್ಕ. ಹೊಟ್ಟೆಯ ಒಳಗಿನಿಂದ ಒಂದು ಕೂಗು ಬಂತು, ಪಕ್ಕದ ಮನೆಯ ನಾಯಿ ಬೊಗಳತೊಡಗಿತು. “ಏಳೋ!” ಎಂದಳು. ಒಂಬತ್ತು ವರ್ಷದಲ್ಲಿ ಅವನಿಗೆ ಅವಳು ಹಾಗೆ ಅಂದದ್ದು ಅದೊಂದೇ ಸಲ. ಅವನು ಎದ್ದು ಓಡಿದ. ಟೋಪಿ ಗೂಟದಲ್ಲೇ ಉಳಿಯಿತು, ನಾನು ಅದನ್ನು ಬಾಗಿಲಾಚೆ ಎಸೆದೆ. ಅವಳು ನೆಲದ ಮೇಲೆ ಕೂತು ಕತ್ತಲಾಗುವವರೆಗೂ ಅತ್ತಳು. ಅವಳ ಪಕ್ಕದಲ್ಲಿ ನಾನೂ ಅತ್ತೆ. ಕಲ್ಲೆದೆ ಎನ್ನುವವರು ಆ ಅಡುಗೆಮನೆಯಲ್ಲಿರಲಿಲ್ಲ.

ಮುಂದಿನ ಬುಧವಾರ ಕೆಲಸಕ್ಕೆ ಬಂದಳು. ಮೊದಲನೆಯದೇ ಮರಣದ ಪ್ರಕಟಣೆ. ಎರಡಕ್ಷರ ಓದಿ ನಿಂತಳು. “ಇದು ನಮ್ಮ ಹಾಲಿನ ಹೆಕ್ಟರ್ ಅಲ್ವಾ ಎಲ್ವಾ?” ಎಂದು ಬಾಯಿಗೆ ಕೈ ಅಡ್ಡ ಹಿಡಿದ‌ಳು. ಆಮೇಲೆ ಯಾವ ಹೆಸರನ್ನೂ ಅಕ್ಷರ ಬಿಡಿಸಿ ಮುಗಿಸಲು ಅವಳಿಂದಾಗಲಿಲ್ಲ. ಪ್ರತಿಯೊಂದಕ್ಕೂ “ಇವರು ಯಾರು, ಇವರಿಗೆ ಮಕ್ಕಳಿದ್ವಾ” ಎಂದು ಕೇಳುವಳು. ಕಿವಿ ತೆರೆದುಕೊಂಡಿತ್ತು, ಮುಚ್ಚಲು ಬರಲಿಲ್ಲ. ಪತ್ರಿಕೆ ತಡವಾಗತೊಡಗಿತು. ನಮ್ಮ ಒಡೆಯ ಹ್ಯಾಲೆಟ್ ಸಿಡುಕಿದ, ಗೊಣಗಿದ, ಕೊನೆಗೆ ಅವಳನ್ನು ಮುಂದಿನ ಕೋಣೆಗೆ, ಜನರಿಂದ ಪ್ರಕಟಣೆಗಳನ್ನು ತೆಗೆದುಕೊಳ್ಳುವ ಕಟ್ಟೆಗೆ ಕಳಿಸಿದ. ನನ್ನ ಎದುರಿಗೆ ಬೇರೆಯವಳು ಬಂದಳು. ಅವಳು ಬಾಲ ಕಟ್ಟುತ್ತಿರಲಿಲ್ಲ. ನನಗೆ ಡಲ್ಸಿಯಿಲ್ಲದೆ ಕೆಲಸ ಬೇಸರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವಳಿಗೆ ಮದುವೆಯಾಗಲಿಲ್ಲ, ಮಗುವೂ ಆಗಲಿಲ್ಲ. ಇಪ್ಪತ್ತು ವರ್ಷ ಆ ಕಟ್ಟೆಯ ಹಿಂದೆ ನಿಂತಳು. ಸಾವು, ಮದುವೆ, ಬೇರೆಯಾಗುವುದು, ಮನೆ ಮಾರುವುದು, ಏನೇ ಬರೆದು ತಂದರೂ ಮೊದಲು ಓದುವಳು, ನಿಧಾನವಾಗಿ, ತನಗೆ ಕೇಳಿಸುವ ಹಾಗೆ. ಆಮೇಲೆ ತಲೆಯೆತ್ತಿ ಒಂದು ಪ್ರಶ್ನೆ ಕೇಳುವಳು. ಹ್ಯಾಲೆಟ್ ಎಷ್ಟು ಬೈದರೂ ಅದನ್ನು ಬಿಡಲಿಲ್ಲ.

“ಇದನ್ನ ನಿಮ್ಮ ಬಾಯಿಂದ ಕೇಳ್ಬೇಕಾದವರು ಯಾರಾದ್ರೂ ಇದಾರಾ? ಅವರಿಗೆ ಹೇಳಿದೀರಾ?”

ಬಹಳ ಜನ ಹೇಳಿದೀವಮ್ಮಾ ಎಂದು ನಕ್ಕು ಹೋಗುತ್ತಿದ್ದರು. ಕೆಲವರು ಕೆಂಪಗಾಗಿ, ಬರೆದು ತಂದದ್ದನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡು, ಹೊರಗೆ ಬಂದು, ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ನಿಂತಿರುತ್ತಿದ್ದರು.